ಸ್ಟ್ಯಾಕ್ ಸ್ವಿಚ್‌ಗಳಲ್ಲಿ ಯೂನಿಟ್ ಸಂಖ್ಯೆ ಮತ್ತು ನಿರ್ವಹಣಾ ಹೊಣೆ: ಕೈಪಿಡಿಗಳ ನಡುವಿನ ಭೇದಗಳ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಹಲವು ನೆಟ್‌ವರ್ಕ್ ಸ್ವಿಚ್‌ಗಳನ್ನು ವಿಶೇಷ ಕೇಬಲ್‌ಗಳಿಂದ ಅಥವಾ ಸಾಮಾನ್ಯ ಪೋರ್ಟ್‌ಗಳಿಂದ ಜೋಡಿಸಿ, ಒಂದೇ ಸ್ವಿಚ್ ಎಂಬಂತೆ ನಡೆಸುವ ಕ್ರಮಕ್ಕೆ ಸ್ಟ್ಯಾಕಿಂಗ್ ಎಂಬ ಹೆಸರು ಬಳಕೆಯಲ್ಲಿದೆ. ಸ್ಟ್ಯಾಕಿನಲ್ಲಿರುವ ಪ್ರತಿ ಪೆಟ್ಟಿಗೆಗೆ ಎರಡು ಗುಣಗಳಿರುತ್ತವೆ. ಒಂದು, ಯೂನಿಟ್ ಸಂಖ್ಯೆ. ಇನ್ನೊಂದು, ನಿರ್ವಹಣಾ ಹೊಣೆ, ಅಂದರೆ ಇಡೀ ಸ್ಟ್ಯಾಕನ್ನು ನಡೆಸುವ ಘಟಕ ಯಾವುದು, ಅದು ಕೆಟ್ಟಾಗ ಜಾಗಕ್ಕೆ ಬರುವ ಘಟಕ ಯಾವುದು ಎಂಬ ನಿರ್ಣಯ. ಇವೆರಡೂ ಪರಸ್ಪರ ಸ್ವತಂತ್ರ ಎಂಬ ಗ್ರಹಿಕೆ ವ್ಯಾಪಕವಾಗಿದೆ. ಆ ಗ್ರಹಿಕೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಐದು ಉತ್ಪನ್ನ ಕುಟುಂಬಗಳ ಕೈಪಿಡಿಗಳನ್ನು ಹೋಲಿಸಿ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಸವಣೂರು, ಪುತ್ತೂರು, ಕಡಬ, ಸುಳ್ಯ ಭಾಗದ ಶಾಲೆ-ಕಾಲೇಜು, ಸಹಕಾರಿ ಸಂಘ ಮತ್ತು ಕಚೇರಿಗಳ ಪ್ರಮಾಣದ ನೆಟ್‌ವರ್ಕ್‌ಗಳನ್ನು ಅನ್ವಯಕ್ಷೇತ್ರವಾಗಿ ಇಟ್ಟುಕೊಳ್ಳಲಾಗಿದೆ. ಈ ಭಾಗದಲ್ಲಿ ಏಪ್ರಿಲ್–ಮೇ ತಿಂಗಳ ಮುಂಗಾರುಪೂರ್ವ ಮಳೆ ಮತ್ತು ಅಕ್ಟೋಬರ್ ಸುಮಾರಿನ ಮಳೆ ಗುಡುಗು-ಸಿಡಿಲಿನೊಂದಿಗೆ ಬರುತ್ತವೆ. ವಿದ್ಯುತ್ ಕಡಿತ ಆಗ ಸಾಮಾನ್ಯ. ಹೊಣೆಯ ಆಯ್ಕೆ ನಡೆಯುವುದು ಮುಖ್ಯವಾಗಿ ವಿದ್ಯುತ್ ಹೋಗಿ ಬಂದಾಗ. ಆದ್ದರಿಂದ, ಕೈಪಿಡಿಯಲ್ಲಿ ಅಪವಾದದಂತೆ ಕಾಣುವ ನಿಯಮಗಳು ಇಲ್ಲಿ ಪದೇ ಪದೇ ಜಾರಿಗೆ ಬರುವ ಸಂಭವವಿದೆ.

2. ಹೋಲಿಸಿದ ಕುಟುಂಬಗಳು ಮತ್ತು ಪರಿಭಾಷೆ

2.1. ಹೋಲಿಕೆಗೆ ತೆಗೆದುಕೊಂಡವು: (ಅ) ಸಿಸ್ಕೋ ಕಂಪನಿಯ ಸ್ಟ್ಯಾಕ್‌ವೈಸ್, ಅದರಲ್ಲಿ 2003ರಲ್ಲಿ ಬಂದ ಕ್ಯಾಟಲಿಸ್ಟ್ 3750 ಮತ್ತು 2013ರ ಕ್ಯಾಟಲಿಸ್ಟ್ 3850 ಎಂಬ ಎರಡು ಹಂತಗಳು, (ಆ) ಜುನಿಪರ್ ಕಂಪನಿಯ ವರ್ಚುವಲ್ ಶಾಸಿ, 2008ರ ಇಎಕ್ಸ್4200 ಮಾದರಿಯಲ್ಲಿರುವಂತೆ, (ಇ) ಎಚ್3ಸಿ ಮೂಲದ ಐಆರ್‌ಎಫ್, ಇದು 2010ರಲ್ಲಿ ಎಚ್‌ಪಿ ಕಂಪನಿ 3ಕಾಮ್ ಅನ್ನು ಕೊಂಡಾಗ ಎಚ್‌ಪಿಗೆ ಬಂತು, (ಈ) ಫೋರ್ಸ್10 ಎಸ್ ಸರಣಿ, ಈ ಕಂಪನಿಯನ್ನು 2011ರಲ್ಲಿ ಡೆಲ್ ಕೊಂಡಿತು, (ಉ) ಅರೂಬಾ ಸಿಎಕ್ಸ್ 6300 ಸರಣಿಯ ವಿಎಸ್‌ಎಫ್.

2.2. ಒಂದೇ ಹೊಣೆಗೆ ಕೈಪಿಡಿಗಳಲ್ಲಿ ಮಾಸ್ಟರ್, ಆ್ಯಕ್ಟಿವ್, ಮ್ಯಾನೇಜ್‌ಮೆಂಟ್ ಯೂನಿಟ್, ಕಂಡಕ್ಟರ್ ಎಂಬ ಬೇರೆ ಬೇರೆ ಹೆಸರುಗಳಿವೆ. ಈ ಟಿಪ್ಪಣಿಯಲ್ಲಿ ‘ಮುಖ್ಯ ಘಟಕ’ ಎಂಬ ಪದವನ್ನು ಏಕರೂಪವಾಗಿ ಬಳಸಲಾಗಿದೆ. ಅದರ ಜಾಗಕ್ಕೆ ಬರಬೇಕಾದುದು ‘ಮೀಸಲು ಘಟಕ’, ಉಳಿದವು ‘ಸದಸ್ಯ ಘಟಕ’. ಆಯ್ಕೆಯಲ್ಲಿ ಗಣನೆಗೆ ಬರುವ, ಆಡಳಿತಗಾರರು ಬದಲಾಯಿಸಬಹುದಾದ ಪ್ರಯಾರಿಟಿ ಮೌಲ್ಯವೇ ‘ಆದ್ಯತಾಂಕ’.

2.3. ಸ್ಟ್ಯಾಕಿನ ಒಳಗಿನ ಆಯ್ಕೆಗೆ ಎಲ್ಲ ತಯಾರಕರೂ ಒಪ್ಪಿದ ಸಾಮಾನ್ಯ ಶಿಷ್ಟತೆ ಬಳಕೆಯಲ್ಲಿಲ್ಲ. ಪ್ರತಿ ತಯಾರಕರದ್ದೂ ಸ್ವಂತ ನಿಯಮ. ಸ್ಟ್ಯಾಕಿನ ವರ್ಣನೆಗೆ ಮಾತ್ರ ಶಿಷ್ಟ ಚೌಕಟ್ಟೊಂದಿದೆ. 1999ರ ಆರ್‌ಎಫ್‌ಸಿ 2737 ಎಂಬ ದಾಖಲೆಯ ಎಂಟಿಟಿ ಎಂಐಬಿ, ಭೌತಿಕ ಘಟಕಗಳ ವರ್ಗಗಳಲ್ಲಿ ‘ಸ್ಟ್ಯಾಕ್’ ಎಂಬುದನ್ನು 11ನೆಯ ಮೌಲ್ಯವಾಗಿ ಸೇರಿಸಿತು. 2005ರ ಆರ್‌ಎಫ್‌ಸಿ 4133 ಮತ್ತು 2013ರ ಆರ್‌ಎಫ್‌ಸಿ 6933 ಇದನ್ನು ಮುಂದುವರಿಸಿದವು. ಆ ಕೋಷ್ಟಕದಲ್ಲಿ ಘಟಕದ ಸಾಪೇಕ್ಷ ಸ್ಥಾನಕ್ಕೂ ಸೀರಿಯಲ್ ಸಂಖ್ಯೆಗೂ ಪ್ರತ್ಯೇಕ ಅಂಕಣಗಳಿವೆ; ಮುಖ್ಯ, ಮೀಸಲು ಎಂಬ ಹೊಣೆಗೆ ಅಂಕಣವಿಲ್ಲ. ಸ್ಥಾನ ಮತ್ತು ಹೊಣೆಯನ್ನು ಬೇರೆಯಾಗಿ ನೋಡಬೇಕೆಂಬ ವಾದಕ್ಕೆ ಇದು ಸ್ವಲ್ಪ ಮಟ್ಟಿನ ಆಧಾರ ಎನ್ನಬಹುದು.

3. ಪೂರ್ವರೂಪಗಳು

3.1. ಚುನಾಯಿತ ಹೊಣೆ ಎಂಬ ವಿಧಾನಕ್ಕಿಂತ ನಿಯೋಜಿತ ಹೊಣೆಯ ವಿಧಾನ ಹಳೆಯದು. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ದೂರವಾಣಿ ವಿನಿಮಯ ಕೇಂದ್ರಗಳದ್ದು. 1984ರ ಆಗಸ್ಟ್‌ನಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆಯ 128 ಪೋರ್ಟ್‌ಗಳ ಗ್ರಾಮೀಣ ಸ್ವಯಂಚಾಲಿತ ವಿನಿಮಯ ಕೇಂದ್ರ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ 1986ರ ಜುಲೈಯಲ್ಲಿ ಮೊದಲ ಬಾರಿಗೆ ಕಾರ್ಯಾರಂಭ ಮಾಡಿತು. 

3.2. ಅದೇ ಸಂಸ್ಥೆಯ ದೊಡ್ಡ ವ್ಯವಸ್ಥೆಯಾದ ಮ್ಯಾಕ್ಸ್‌ನಲ್ಲಿ 32ರವರೆಗೆ ಬೇಸ್ ಮಾಡ್ಯೂಲ್‌ಗಳನ್ನು ಜೋಡಿಸಬಹುದಿತ್ತು. ಪ್ರತಿಯೊಂದಕ್ಕೂ ಸಂಖ್ಯೆ ಇತ್ತು. ಆಡಳಿತಕ್ಕೆ ಮಾತ್ರ ಪ್ರತ್ಯೇಕ ಮಾಡ್ಯೂಲ್ ಇತ್ತು. ಮುಖ್ಯ ನಿಯಂತ್ರಕಗಳು ಜೋಡಿಯಾಗಿದ್ದು, ಒಂದು ಕೆಲಸದಲ್ಲಿರುವಾಗ ಇನ್ನೊಂದು ಮೀಸಲಿನಲ್ಲಿರುತ್ತಿತ್ತು. ಅಲ್ಲಿ ಎಷ್ಟನೆಯ ಬೇಸ್ ಮಾಡ್ಯೂಲ್ ಎಂಬುದರಿಂದ ಆಡಳಿತದ ಹೊಣೆ ತೀರ್ಮಾನವಾಗುತ್ತಿರಲಿಲ್ಲ. ಯಂತ್ರದ ರಚನೆಯಲ್ಲೇ ಅದು ತೀರ್ಮಾನವಾಗಿತ್ತು.

3.3. ಈಥರ್ನೆಟ್ ಸ್ವಿಚ್‌ಗಳಲ್ಲಿ ಮಧ್ಯಂತರ ರೂಪವೊಂದು ಸಿಗುತ್ತದೆ. 1990ರ ದಶಕದ ಕೊನೆಯ ಬೇಸ್ಟ್ಯಾಕ್ 450ರಲ್ಲಿ ಮೂಲ ಘಟಕ ಯಾವುದೆಂದು ಗೊತ್ತುಮಾಡಲು ಹಿಂಬದಿಯ ಕ್ಯಾಸ್ಕೇಡ್ ಮಾಡ್ಯೂಲಿನಲ್ಲಿ ಕೈಯಿಂದ ಸರಿಸುವ ಸಣ್ಣ ಗುಂಡಿಯಿತ್ತು. ಮೂಲ ಘಟಕ ಕೆಟ್ಟರೆ ಇನ್ನೊಂದು ಘಟಕ ‘ತಾತ್ಕಾಲಿಕ ಮೂಲ ಘಟಕ’ವಾಗುತ್ತಿತ್ತು. ಹೊಣೆ ಯಾರದ್ದೆಂದು ಗುಂಡಿಯನ್ನು ನೋಡಿದರೆ ತಿಳಿಯುತ್ತಿತ್ತು. ನಂತರ ಬಂದ ಹಲವು ಸ್ವಿಚ್‌ಗಳಲ್ಲಿ ಗುಂಡಿಯ ಜಾಗಕ್ಕೆ ಆಯ್ಕೆಯ ನಿಯಮಾವಳಿ ಬಂತು.

4. ಸಂಖ್ಯೆಯ ನಿಗದಿ

4.1. ಆರಂಭದ ಅಂಕಿ. ಸಿಸ್ಕೋ, ಐಆರ್‌ಎಫ್ ಮತ್ತು ಅರೂಬಾದಲ್ಲಿ ಎಣಿಕೆ 1ರಿಂದ. ಜುನಿಪರ್ ಮತ್ತು ಫೋರ್ಸ್10ರಲ್ಲಿ 0ಯಿಂದ. ಕ್ಯಾಟಲಿಸ್ಟ್ 3750ರಲ್ಲಿ ಗರಿಷ್ಠ 9 ಘಟಕಗಳು, ಸಂಖ್ಯೆ 1ರಿಂದ 9. ಇಎಕ್ಸ್4200ರಲ್ಲಿ ಗರಿಷ್ಠ 10, ಸಂಖ್ಯೆ 0ಯಿಂದ 9. ಹೀಗಾಗಿ ‘ಎರಡನೆಯ ಯೂನಿಟ್’ ಎಂಬ ಮಾತು ತಯಾರಕರ ಹೆಸರಿಲ್ಲದೆ ಅಸ್ಪಷ್ಟ. ಎರಡು ಬಗೆಯ ಸ್ವಿಚ್‌ಗಳಿರುವ ಕಟ್ಟಡದಲ್ಲಿ ದಾಖಲೆಗೆ ಸಂಖ್ಯೆಯನ್ನು ಅಂಕಿಯಲ್ಲೇ ಬರೆಯುವುದು ಸುರಕ್ಷಿತ.

4.2. ಸಂಖ್ಯೆಗೆ ಅಂಟಿಕೊಂಡಿರುವುದು. ಪೋರ್ಟ್‌ನ ಹೆಸರಿನ ಮೊದಲ ಅಂಕಿ ಯೂನಿಟ್ ಸಂಖ್ಯೆಯೇ. ಗಿಗಾಬಿಟ್ ಈಥರ್ನೆಟ್ 2/0/14 ಎಂದರೆ 2ನೆಯ ಯೂನಿಟ್‌ನ 14ನೆಯ ಪೋರ್ಟ್. ಪೋರ್ಟ್‌ಗಳ ಸಂರಚನೆ ಈ ಹೆಸರಿನಡಿ ಉಳಿಯುವುದರಿಂದ ಅದು ಸಂಖ್ಯೆಗೆ ಸೇರಿದ್ದು, ಪೆಟ್ಟಿಗೆಗೆ ಸೇರಿದ್ದಲ್ಲ. ಸಂಖ್ಯೆ ಬದಲಾದ ಸಿಸ್ಕೋ ಘಟಕ ಮರುಚಾಲನೆಯ ನಂತರ ಹೊಸ ಸಂಖ್ಯೆಯ ಸಂರಚನೆಯನ್ನು ಪಡೆಯುತ್ತದೆ. ಅಂಥದ್ದು ಇಲ್ಲದಿದ್ದರೆ ಪೋರ್ಟ್‌ಗಳು ಮೂಲಸ್ಥಿತಿಗೆ ಹೋಗುತ್ತವೆ. ಐಆರ್‌ಎಫ್‌ನಲ್ಲಿ ಸಂಖ್ಯೆ ಬದಲಾಯಿಸುವ ಆಜ್ಞೆ ಕೊಟ್ಟಾಗ, ಸಂರಚನೆ ಬದಲಾಗಬಹುದು ಅಥವಾ ನಷ್ಟವಾಗಬಹುದು ಎಂಬ ಎಚ್ಚರಿಕೆ ತೆರೆಯ ಮೇಲೆ ಬರುತ್ತದೆ.

4.3. ಸಂಖ್ಯೆಗಳ ಘರ್ಷಣೆ. ಇಲ್ಲಿ ಸ್ಪಷ್ಟ ಭೇದವಿದೆ. ಸಿಸ್ಕೋದಲ್ಲಿ ಹೊಸ ಘಟಕದ ಸಂಖ್ಯೆ ಈಗಾಗಲೇ ಬಳಕೆಯಲ್ಲಿದ್ದರೆ, ಖಾಲಿ ಇರುವವುಗಳಲ್ಲಿ ಅತಿ ಚಿಕ್ಕ ಸಂಖ್ಯೆ ತಾನಾಗಿ ಸಿಗುತ್ತದೆ. ಐಆರ್‌ಎಫ್‌ನಲ್ಲಿ ಘರ್ಷಣೆಯಿರುವ ಘಟಕ ಸ್ಟ್ಯಾಕ್ ಸೇರುವುದಿಲ್ಲ. ಸಂಖ್ಯೆಯನ್ನು ಮೊದಲೇ ಬದಲಾಯಿಸಿರಬೇಕು. ಜುನಿಪರ್‌ನ ಪೂರ್ವನಿಯೋಜಿತ ವಿಧಾನದಲ್ಲಿ ಸೀರಿಯಲ್ ಸಂಖ್ಯೆ, ಯೂನಿಟ್ ಸಂಖ್ಯೆ ಮತ್ತು ಹೊಣೆ ಮೂರನ್ನೂ ಒಟ್ಟಿಗೆ ಬರೆದಿಡಬೇಕು. ಆ ಪಟ್ಟಿಗೆ ಹೊಂದಿದ ಘಟಕವಷ್ಟೇ ತನ್ನ ಸ್ಥಾನಕ್ಕೆ ಬರುತ್ತದೆ.

4.4. ಬದಲಿ ಘಟಕ. ಸಿಸ್ಕೋ ನಿಯಮದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. 1, 2, 3 ಸಂಖ್ಯೆಗಳ ಸ್ಟ್ಯಾಕಿನಲ್ಲಿ 2 ಸಿಡಿಲಿಗೆ ಸುಟ್ಟುಹೋಯಿತೆಂದು ಭಾವಿಸೋಣ. ಹೊಸದಾಗಿ ತಂದ ಘಟಕದ ಸಂಖ್ಯೆ ಮೂಲದಲ್ಲಿ 1. ಘರ್ಷಣೆಯಿಂದಾಗಿ ಅದಕ್ಕೆ 2 ಸಿಗುತ್ತದೆ, ಹಳೆಯ ಸಂರಚನೆಯೂ ಸಿಗುತ್ತದೆ. ಆದರೆ ತಂದದ್ದು ಬೇರೊಂದು ಸ್ಟ್ಯಾಕಿನಲ್ಲಿ 4 ಎಂದು ದುಡಿದ ಹಳೆಯ ಘಟಕವಾದರೆ ಘರ್ಷಣೆಯೇ ಇಲ್ಲ. ಅದು 4 ಆಗಿಯೇ ಉಳಿಯುತ್ತದೆ, 2ರ ಸಂರಚನೆ ಬಳಕೆಯಾಗದೆ ಉಳಿಯುತ್ತದೆ. ಜುನಿಪರ್‌ನಲ್ಲಿ ತೆಗೆದ ಘಟಕದ ಸಂಖ್ಯೆಯನ್ನು ಸ್ಟ್ಯಾಕ್ ಕಾದಿರಿಸಿಕೊಂಡಿರುತ್ತದೆ. ಮರುಬಳಕೆಗೆ ಪ್ರತ್ಯೇಕ ಆಜ್ಞೆ ಕೊಡಬೇಕು.

5. ಹೊಣೆಯ ಆಯ್ಕೆ

5.1. ಆದ್ಯತಾಂಕದ ಅಳತೆ. ಸಿಸ್ಕೋದಲ್ಲಿ 1ರಿಂದ 15, ಮೂಲಮೌಲ್ಯ 1. ಐಆರ್‌ಎಫ್‌ನಲ್ಲಿ 1ರಿಂದ 32, ಮೂಲಮೌಲ್ಯ 1. ಜುನಿಪರ್‌ನಲ್ಲಿ 0ಯಿಂದ 255, ಮೂಲಮೌಲ್ಯ 128. 0 ಕೊಟ್ಟ ಘಟಕ ಮುಖ್ಯ ಘಟಕವಾಗುವುದಿಲ್ಲ. ಫೋರ್ಸ್10ರಲ್ಲಿ 1ರಿಂದ 14. ನಾಲ್ಕರಲ್ಲೂ ದೊಡ್ಡ ಅಂಕಿಗೆ ಮೇಲುಗೈ. ಅರೂಬಾ ಸಿಎಕ್ಸ್‌ನಲ್ಲಿ ಆದ್ಯತಾಂಕ ಬಳಕೆಯಲ್ಲಿಲ್ಲ. ಇದನ್ನು ವಿಭಾಗ 7ರಲ್ಲಿ ನೋಡಬಹುದು.

5.2. ಆದ್ಯತಾಂಕ ಸಮವಾದಾಗ. ಕೈಪಿಡಿಗಳು ಪರಸ್ಪರ ದೂರ ಸರಿಯುವುದು ಇಲ್ಲಿ.

(ಅ) ಕ್ಯಾಟಲಿಸ್ಟ್ 3750: ಮೊದಲು ಈಗಾಗಲೇ ಮುಖ್ಯ ಘಟಕವಾಗಿರುವುದು, ನಂತರ ಆದ್ಯತಾಂಕ, ನಂತರ ಮೂಲಸ್ಥಿತಿಯಲ್ಲಿಲ್ಲದ ಪೋರ್ಟ್ ಸಂರಚನೆ ಹೊಂದಿರುವುದು, ನಂತರ ಮೇಲ್ದರ್ಜೆಯ ತಂತ್ರಾಂಶ, ನಂತರ ಕೆಲವು ಆವೃತ್ತಿಗಳಲ್ಲಿ ಅತಿ ಹೆಚ್ಚು ಹೊತ್ತು ಚಾಲನೆಯಲ್ಲಿರುವುದು, ಕೊನೆಗೆ ಅತಿ ಚಿಕ್ಕ ಮ್ಯಾಕ್ ವಿಳಾಸ.

(ಆ) ಕ್ಯಾಟಲಿಸ್ಟ್ 3850: ಈಗಿನ ಮುಖ್ಯ ಘಟಕ, ಆದ್ಯತಾಂಕ, ಅತಿ ಕಡಿಮೆ ಸಮಯದಲ್ಲಿ ಚಾಲನೆಗೆ ಬಂದದ್ದು, ಅತಿ ಚಿಕ್ಕ ಮ್ಯಾಕ್ ವಿಳಾಸ.

(ಇ) ಇಎಕ್ಸ್4200: ಆದ್ಯತಾಂಕ, ಕಳೆದ ಬಾರಿ ಸ್ಟ್ಯಾಕ್ ಚಾಲನೆಗೆ ಬಂದಾಗ ಮುಖ್ಯ ಘಟಕವಾಗಿದ್ದದ್ದು, ಸ್ಟ್ಯಾಕಿನಲ್ಲಿ ಹೆಚ್ಚು ಕಾಲ ಇದ್ದದ್ದು (ಕನಿಷ್ಠ 1 ನಿಮಿಷದ ಅಂತರವಿದ್ದರೆ ಮಾತ್ರ), ಅತಿ ಚಿಕ್ಕ ಮ್ಯಾಕ್ ವಿಳಾಸ.

(ಈ) ಐಆರ್‌ಎಫ್: ಈಗಿನ ಮುಖ್ಯ ಘಟಕ, ಆದ್ಯತಾಂಕ, ಹೆಚ್ಚು ಹೊತ್ತು ಚಾಲನೆಯಲ್ಲಿರುವುದು (10 ನಿಮಿಷದೊಳಗಿನ ಅಂತರವನ್ನು ಸಮ ಎಂದೇ ಎಣಿಸಲಾಗುತ್ತದೆ), ಅತಿ ಚಿಕ್ಕ ಮ್ಯಾಕ್ ವಿಳಾಸ.

(ಉ) ಫೋರ್ಸ್10: ಆದ್ಯತಾಂಕ, ಅತಿ ದೊಡ್ಡ ಮ್ಯಾಕ್ ವಿಳಾಸ.

5.3. ಎರಡು ಭೇದಗಳು ವಿಶೇಷವಾಗಿ ಗಮನಾರ್ಹ. ಒಂದೇ ತಯಾರಕರ 3750ರ ಕೆಲವು ಆವೃತ್ತಿಗಳಲ್ಲಿ ದೀರ್ಘ ಚಾಲನೆಗೆ ಇದ್ದ ಮಾನ್ಯತೆ 3850ರಲ್ಲಿ ಬೇಗ ಚಾಲನೆಗೆ ಬರುವ ಗುಣಕ್ಕೆ ಹೋಗಿದೆ. ಮ್ಯಾಕ್ ವಿಳಾಸದ ವಿಷಯದಲ್ಲಿ ಫೋರ್ಸ್10 ಉಳಿದವುಗಳಿಗೆ ತದ್ವಿರುದ್ಧ. ‘ಚಿಕ್ಕ ಮ್ಯಾಕ್ ಗೆಲ್ಲುತ್ತದೆ’ ಎಂಬ ಮಾತನ್ನು ಸಾರ್ವತ್ರಿಕ ನಿಯಮವಾಗಿ ಬರೆಯುವಂತಿಲ್ಲ.

5.4. ಮುಖ್ಯ ನಿಯಮಗಳನ್ನು ತತ್ತ್ವದ ದೃಷ್ಟಿಯಿಂದ ನಾಲ್ಕಾಗಿ ವರ್ಗೀಕರಿಸಬಹುದು: ನಿಯೋಜನೆ (ಆದ್ಯತಾಂಕ), ಮುಂದುವರಿಕೆ (ಈಗಿನ ಅಥವಾ ಹಿಂದಿನ ಮುಖ್ಯ ಘಟಕ), ಹಿರಿತನ (ಚಾಲನಾವಧಿ) ಮತ್ತು ಯಾದೃಚ್ಛಿಕತೆ (ಮ್ಯಾಕ್ ವಿಳಾಸ). ಹಿರಿತನದ ತತ್ತ್ವ ತುಳುನಾಡಿನ ಓದುಗರಿಗೆ ಅಪರಿಚಿತವಲ್ಲ. ಅಳಿಯಕಟ್ಟಿನ ಕುಟುಂಬದಲ್ಲಿ ಯಜಮಾನಿಕೆ ವಯಸ್ಸಿನಲ್ಲಿ ಹಿರಿಯರಿಗೆ ಸಲ್ಲುತ್ತಿತ್ತು. ಮ್ಯಾಕ್ ವಿಳಾಸವನ್ನು ಹಿರಿತನದ ಸೂಚಿಯಾಗಿ ಓದುವ ರೂಢಿಯೂ ಇದೆ. ಅದೇ ತಯಾರಕರ ಅದೇ ಸರಣಿಯಲ್ಲಿ ಚಿಕ್ಕ ವಿಳಾಸ ಮೊದಲು ತಯಾರಾದ ಘಟಕದ್ದಾಗಿರಬಹುದಾದರೂ, ತಯಾರಕರ ಬಳಿ ಹಲವು ವಿಳಾಸ ಗುಂಪುಗಳಿರುವುದರಿಂದ ಈ ಊಹೆ ದುರ್ಬಲ.

5.5. ಆಯ್ಕೆಯ ಅವಧಿ. ಚಾಲನೆಗೆ ಬಂದ ಎಲ್ಲ ಘಟಕಗಳೂ ಆಯ್ಕೆಯಲ್ಲಿ ಭಾಗವಹಿಸುತ್ತವೆ ಎನ್ನಲಾಗದು. 3750ರ ನಂತರದ ಕೈಪಿಡಿಗಳಲ್ಲಿ 20 ಸೆಕೆಂಡ್, 3850ರಲ್ಲಿ 120 ಸೆಕೆಂಡ್‌ಗಳ ಅವಧಿ ಇದೆ. ಅದರೊಳಗೆ ಚಾಲನೆಗೆ ಬರದ ಘಟಕ, ಆದ್ಯತಾಂಕ 15 ಇದ್ದರೂ, ಸದಸ್ಯವಾಗಿ ಸೇರುತ್ತದೆ. ಒಂದೇ ಸ್ಟ್ಯಾಕಿನ ಘಟಕಗಳು ಬೇರೆ ಬೇರೆ ಯುಪಿಎಸ್‌ಗಳ ಮೇಲಿದ್ದರೆ ಈ ಸೆಕೆಂಡ್‌ಗಳು ನಿರ್ಣಾಯಕವಾಗಬಹುದು.

6. ಒಂದು ಕಲ್ಪಿತ ಸ್ಟ್ಯಾಕ್

ನಿಯಮಗಳ ಭೇದವನ್ನು ಒಂದೇ ಪರಿಸ್ಥಿತಿಯಲ್ಲಿ ನೋಡಲು ಕ, ಖ, ಗ ಎಂಬ ಮೂರು ಘಟಕಗಳನ್ನು ಊಹಿಸಲಾಗಿದೆ. ಮೂರೂ ಒಂದೇ ಮಾದರಿ, ಒಂದೇ ತಂತ್ರಾಂಶ; ಆದ್ಯತಾಂಕ ಮೂಲಮೌಲ್ಯದಲ್ಲೇ ಇದೆ. ಕ ಮೊದಲ ಸಂಖ್ಯೆಯದ್ದು, ಇಲ್ಲಿಯವರೆಗೆ ಮುಖ್ಯ ಘಟಕ. ಖ ಘಟಕದ ಮ್ಯಾಕ್ ವಿಳಾಸ ಅತಿ ಚಿಕ್ಕದು, ಗ ಘಟಕದ್ದು ಅತಿ ದೊಡ್ಡದು. ಯುಪಿಎಸ್ ಬರಿದಾಗಿ ಮೂರೂ ನಿಂತು, ವಿದ್ಯುತ್ ಬಂದಾಗ ಒಟ್ಟಿಗೆ ಚಾಲನೆಗೆ ಬರುತ್ತವೆ.

ಇಎಕ್ಸ್4200ರ ನಿಯಮದಂತೆ ಮುಖ್ಯ ಘಟಕ ಕ, ಏಕೆಂದರೆ ಹಿಂದಿನ ಬಾರಿ ಅದೇ ಇತ್ತು. ಐಆರ್‌ಎಫ್ ನಿಯಮದಂತೆ ಖ, ಏಕೆಂದರೆ ಚಾಲನಾವಧಿ ಸಮ. 3750ರಲ್ಲಿ ಬಹುಶಃ ಖ. ಚಾಲನಾವಧಿಯನ್ನು ಎಣಿಸುವ ಆವೃತ್ತಿಯಾದರೆ ಕೆಲವು ಸೆಕೆಂಡ್‌ಗಳ ಅಂತರವೂ ಫಲಿತಾಂಶ ಬದಲಿಸಬಹುದು. 3850ರಲ್ಲಿ ಯಾವುದು ಬೇಗ ಸಿದ್ಧವಾಯಿತೋ ಅದು. ಫೋರ್ಸ್10ರಲ್ಲಿ ಗ. ಅರೂಬಾ ಸಿಎಕ್ಸ್‌ನಲ್ಲಿ ಕ, ಆದರೆ ಜುನಿಪರ್‌ನ ಕಾರಣದಿಂದಲ್ಲ. ಅದರ ಸಂಖ್ಯೆ 1 ಎಂಬ ಕಾರಣದಿಂದ.

ಮೂಲಮೌಲ್ಯಗಳನ್ನು ಹಾಗೆಯೇ ಬಿಟ್ಟ ಸ್ಟ್ಯಾಕಿನಲ್ಲಿ ಮುಖ್ಯ ಘಟಕ ಯಾವುದೆಂಬುದನ್ನು ಪೆಟ್ಟಿಗೆಗಳ ಜೋಡಣೆ ನೋಡಿ ಹೇಳಲಾಗದು. ಒಬ್ಬ ತಯಾರಕರ ಸ್ಟ್ಯಾಕಿನ ಅನುಭವವನ್ನು ಇನ್ನೊಬ್ಬರ ಸ್ಟ್ಯಾಕಿಗೆ ಅನ್ವಯಿಸಿದರೆ ತಪ್ಪು ಉತ್ತರ ಬರುವ ಸಂಭವ ಹೆಚ್ಚು.

7. ಸಂಖ್ಯೆಗೆ ಅಧಿಕಾರವಿರುವ ಎರಡು ಸಂದರ್ಭಗಳು

7.1. ಅರೂಬಾ ಸಿಎಕ್ಸ್ 6300ರಲ್ಲಿ 1ನೆಯ ಯೂನಿಟ್ ಮುಖ್ಯ ಹೊಣೆಗೆ ನಿಗದಿಯಾಗಿದೆ. ಮೀಸಲು ಯಾವುದೆಂಬುದನ್ನು ಆಡಳಿತಗಾರರು ಇನ್ನೊಂದು ಸಂಖ್ಯೆಯನ್ನು ಹೆಸರಿಸಿ ಹೇಳಬೇಕು. ಉಳಿದ ಘಟಕಗಳಿಗೆ ಮುಖ್ಯ ಹೊಣೆ ಬರುವುದಿಲ್ಲ. ಇಲ್ಲಿ ಸಂಖ್ಯೆ ಗುರುತೂ ಹೌದು, ಹುದ್ದೆಯೂ ಹೌದು. ಆದ್ದರಿಂದ ಮೀಸಲು ಘಟಕವನ್ನು ಹೆಸರಿಸದೆ ಬಿಟ್ಟ ಸ್ಟ್ಯಾಕಿನಲ್ಲಿ 1ನೆಯದು ಕೆಟ್ಟಾಗ ಹೊಣೆ ಹೊರಲು ಅರ್ಹವಾದ ಘಟಕ ಉಳಿಯುವುದಿಲ್ಲ.

7.2. ಐಆರ್‌ಎಫ್‌ನಲ್ಲಿ ಆಯ್ಕೆಯ ಹಂತದಲ್ಲಿ ಸಂಖ್ಯೆಗೆ ಬೆಲೆಯಿಲ್ಲ. ಆದರೆ ಸ್ಟ್ಯಾಕ್ ಕೇಬಲ್ ತುಂಡಾಗಿ ಒಂದು ಸ್ಟ್ಯಾಕ್ ಎರಡಾದಾಗ, ಒಂದೇ ಐಪಿ ವಿಳಾಸದ ಎರಡು ಮುಖ್ಯ ಘಟಕಗಳು ಏಳುತ್ತವೆ. ಇದನ್ನು ಪತ್ತೆಮಾಡುವ ಎಂಎಡಿ ವ್ಯವಸ್ಥೆ, ಬಿಎಫ್‌ಡಿ ವಿಧಾನದಲ್ಲಿ, ಎರಡೂ ಭಾಗಗಳ ಮುಖ್ಯ ಘಟಕಗಳ ಸಂಖ್ಯೆಯನ್ನು ಹೋಲಿಸುತ್ತದೆ. ಚಿಕ್ಕ ಸಂಖ್ಯೆಯ ಭಾಗ ಕೆಲಸ ಮುಂದುವರಿಸುತ್ತದೆ, ಇನ್ನೊಂದು ತನ್ನ ಪೋರ್ಟ್‌ಗಳನ್ನು ಮುಚ್ಚುತ್ತದೆ. ಎಲ್‌ಎಸಿಪಿ ವಿಧಾನದಲ್ಲಿ ಮೊದಲು ಸದಸ್ಯರ ಎಣಿಕೆ, ಅದು ಸಮವಾದರೆ ಚಿಕ್ಕ ಸಂಖ್ಯೆ.

7.3. ಇದರ ಪರಿಣಾಮ ಸಣ್ಣದಲ್ಲ. ಹೊರಸಂಪರ್ಕದ ಫೈಬರ್ 2ನೆಯ ಯೂನಿಟ್‌ಗೆ ಮಾತ್ರ ಬಂದಿರುವ ಎರಡು ಘಟಕಗಳ ಸ್ಟ್ಯಾಕ್ ಒಡೆದರೆ, ನಿಯಮ ಉಳಿಸಿಕೊಳ್ಳುವುದು 1ನ್ನು. ಆದ್ಯತಾಂಕದಿಂದ 2ನ್ನು ಮುಖ್ಯ ಘಟಕ ಮಾಡಿದ್ದರೂ ಫಲಿತಾಂಶ ಅದೇ. ಇಂಥಲ್ಲಿ ಸಂಖ್ಯೆ ಕೊಡುವಾಗಲೇ ಹೊರಸಂಪರ್ಕವಿರುವ ಘಟಕಕ್ಕೆ 1 ಕೊಡುವುದು ಸರಿಯಾದ ಕ್ರಮ. ಎರಡೂ ಘಟಕಗಳಿಗೆ ಹೊರಸಂಪರ್ಕ ಕೊಡುವುದು ಅದಕ್ಕಿಂತ ಮೇಲು.

8. ವಿರುದ್ಧ ಸಲಹೆಗಳು

ಸಿಸ್ಕೋ ಕೈಪಿಡಿ, ಮುಖ್ಯವಾಗಬೇಕಾದ ಘಟಕಕ್ಕೆ ಅತ್ಯಧಿಕ ಆದ್ಯತಾಂಕ ಕೊಡಲು ಹೇಳುತ್ತದೆ. ಹೀಗೆ ಮಾಡಿದರೆ ಮೀಸಲಿನ ಅಂಕ ಅದಕ್ಕಿಂತ ಕಡಿಮೆಯಾಗುತ್ತದೆ. ಜುನಿಪರ್ ಕೈಪಿಡಿ ಮುಖ್ಯ ಮತ್ತು ಮೀಸಲು ಎರಡಕ್ಕೂ ಒಂದೇ ಆದ್ಯತಾಂಕ ಕೊಡಲು ಹೇಳುತ್ತದೆ. ಮೇಲ್ನೋಟಕ್ಕೆ ಇದು ವಿರೋಧ. ವಿಭಾಗ 5.2ರ ಕ್ರಮವನ್ನು ನೋಡಿದರೆ ಎರಡೂ ತಮ್ಮ ನೆಲೆಯಲ್ಲಿ ಸರಿ ಎಂದು ತಿಳಿಯುತ್ತದೆ. ಸಿಸ್ಕೋದಲ್ಲಿ ಈಗಿನ ಮುಖ್ಯ ಘಟಕವೇ ಮೊದಲ ಮಾನದಂಡ. ಕೆಟ್ಟು ದುರಸ್ತಿಯಾಗಿ ಬಂದ ಹಳೆಯ ಮುಖ್ಯ ಘಟಕ, ಅಂಕ ಹೆಚ್ಚಿದ್ದರೂ, ಹೊಣೆಯನ್ನು ಕಿತ್ತುಕೊಳ್ಳುವುದಿಲ್ಲ. ಜುನಿಪರ್‌ನಲ್ಲಿ ಆದ್ಯತಾಂಕವೇ ಮೊದಲ ಮಾನದಂಡ. ಅಂಕ ಹೆಚ್ಚಿದ್ದರೆ ಮರಳಿ ಬಂದ ಘಟಕ ಹೊಣೆ ಕೇಳುತ್ತದೆ. ವಿದ್ಯುತ್ ಪದೇ ಪದೇ ಹೋಗಿಬರುವಲ್ಲಿ ಹೊಣೆ ಅತ್ತಿತ್ತ ಹೋಗುತ್ತಲೇ ಇರಬಹುದು. ಸಮ ಅಂಕ ಅದನ್ನು ತಡೆಯುತ್ತದೆ. ಒಂದು ಕೈಪಿಡಿಯ ಸಲಹೆಯನ್ನು ಇನ್ನೊಂದು ಸ್ಟ್ಯಾಕಿಗೆ ತರುವುದು ಈ ಕಾರಣಕ್ಕೆ ಅಪಾಯಕರ.

9. ದಾಖಲೆಯ ಕ್ರಮ

9.1. ಮೇಲಿನ ಭೇದಗಳನ್ನು ಗಮನಿಸಿ, ಪ್ರತಿ ಘಟಕಕ್ಕೆ ಕನಿಷ್ಠ ಈ ಅಂಕಣಗಳನ್ನು ಇಡಬಹುದು: ರ‍್ಯಾಕ್‌ನಲ್ಲಿ ಮೇಲಿನಿಂದ ಎಷ್ಟನೆಯದು, ಯೂನಿಟ್ ಸಂಖ್ಯೆ, ಸೀರಿಯಲ್ ಸಂಖ್ಯೆ, ಮೂಲ ಮ್ಯಾಕ್ ವಿಳಾಸ, ತಂತ್ರಾಂಶದ ಆವೃತ್ತಿ, ಆದ್ಯತಾಂಕ, ಉದ್ದೇಶಿತ ಹೊಣೆ, ಕಂಡುಬಂದ ಹೊಣೆ, ಅದನ್ನು ಕಂಡ ದಿನಾಂಕ. ಉದ್ದೇಶಿತ ಮತ್ತು ಕಂಡುಬಂದ ಹೊಣೆಗಳಿಗೆ ಬೇರೆ ಬೇರೆ ಅಂಕಣ ಇರುವುದು ಮುಖ್ಯ.

9.2. ಪೆಟ್ಟಿಗೆಯ ಮುಂಭಾಗದ ಚೀಟಿಯಲ್ಲಿ ಸಂಖ್ಯೆ ಬರೆಯುವುದು ಸರಿ. ‘ಮಾಸ್ಟರ್’ ಎಂದು ಬರೆಯುವುದು ಅಷ್ಟು ಸರಿಯಲ್ಲ, ಏಕೆಂದರೆ ಒಂದು ರಾತ್ರಿಯ ಮಳೆಯಲ್ಲಿ ಅದು ಸುಳ್ಳಾಗಬಹುದು. ಇಎಕ್ಸ್4200ರ ಮುಂಭಾಗದ ಸಣ್ಣ ತೆರೆ ಸಂಖ್ಯೆ ಮತ್ತು ಹೊಣೆ ಎರಡನ್ನೂ ತೋರಿಸುತ್ತದೆ. ಅಂಥ ತೆರೆಯಿಲ್ಲದ ಮಾದರಿಗಳಲ್ಲಿ ಆಜ್ಞೆಯಿಂದ ಕೇಳಿ ತಿಳಿಯುವುದು ಖಚಿತವಾದ ದಾರಿ.

9.3. ಸ್ಥಳದ ಹೆಸರಿನ ಬಗ್ಗೆಯೂ ಒಂದು ಮಾತು ಅಗತ್ಯ. ಸ್ವಿಚ್‌ಗಳಲ್ಲಿ ಸ್ಥಳ ನಮೂದಿಸುವ ಅಂಕಣವಿರುತ್ತದೆ. ಸವಣೂರು 2011ರ ಜನಗಣತಿಯ ಹೊತ್ತಿಗೆ ಪುತ್ತೂರು ತಾಲೂಕಿನಲ್ಲಿತ್ತು. ಕಡಬ ತಾಲೂಕು ರಚನೆಯಾದ ಮೇಲೆ ಅದಕ್ಕೆ ಸೇರಿತು. ವಿಧಾನಸಭೆಗೆ ಅದು ಸುಳ್ಯ ಕ್ಷೇತ್ರದಲ್ಲಿದೆ. ತಾಲೂಕಿನ ಹೆಸರಿನಿಂದ ಮಾತ್ರ ಗುರುತಿಸಿದ ಘಟಕ ಮೂರು ಪಟ್ಟಿಗಳಲ್ಲಿ ಮೂರು ಕಡೆ ಕಾಣಿಸಿಕೊಳ್ಳಬಹುದು. ಗ್ರಾಮ, ಕಟ್ಟಡ, ಕೊಠಡಿ ಎಂಬ ಕ್ರಮ ಹೆಚ್ಚು ಸ್ಥಿರ.

9.4. ಪರೀಕ್ಷೆ. ಇಡೀ ಸ್ಟ್ಯಾಕಿನ ವಿದ್ಯುತ್ ತೆಗೆದು ಕೊಟ್ಟು ಒಮ್ಮೆ, ಮುಖ್ಯ ಘಟಕದ್ದು ಮಾತ್ರ ತೆಗೆದು ಒಮ್ಮೆ, ಫಲಿತಾಂಶ ಬರೆದುಕೊಳ್ಳುವುದು ಉಪಯುಕ್ತ. ಏಪ್ರಿಲ್ ಮಳೆಗೆ ಮೊದಲು, ಅಂದರೆ ಮಾರ್ಚ್‌ನೊಳಗೆ, ಇದನ್ನು ಮುಗಿಸುವುದು ಈ ಭಾಗಕ್ಕೆ ಸೂಕ್ತವೆನಿಸುತ್ತದೆ.

10. ತೀರ್ಮಾನಗಳು

(ಅ) ಸಂಖ್ಯೆ ಮತ್ತು ಹೊಣೆ ಸ್ವತಂತ್ರ ಎಂಬುದು ಸಿಸ್ಕೋ, ಜುನಿಪರ್, ಫೋರ್ಸ್10ರ ಆಯ್ಕೆ ನಿಯಮಗಳಿಗೆ ಸಲ್ಲುತ್ತದೆ. ಐಆರ್‌ಎಫ್‌ಗೆ ಆಯ್ಕೆಯಲ್ಲಿ ಸಲ್ಲುತ್ತದೆ, ಒಡಕಿನಲ್ಲಿ ಸಲ್ಲುವುದಿಲ್ಲ. ಅರೂಬಾ ಸಿಎಕ್ಸ್‌ಗೆ ಸಲ್ಲುವುದಿಲ್ಲ.

(ಆ) ಆದ್ಯತಾಂಕವನ್ನು ಎರಡು ಘಟಕಗಳಿಗಾದರೂ ಸ್ಪಷ್ಟವಾಗಿ ಕೊಟ್ಟರೆ ಕೈಪಿಡಿಗಳ ನಡುವಿನ ಬಹುತೇಕ ಭೇದಗಳು ಅಪ್ರಸ್ತುತವಾಗುತ್ತವೆ. ಅಂಕಗಳು ಸಮವಾಗಿರಬೇಕೋ ಬೇರೆಯಾಗಿರಬೇಕೋ ಎಂಬುದು ತಯಾರಕರ ಕ್ರಮವನ್ನು ಅವಲಂಬಿಸಿದೆ.

(ಇ) ಸಂಖ್ಯೆಯ ನಿಯಮಗಳ ಬಗ್ಗೆ ಇಲ್ಲಿ ಹೇಳಿದ್ದು ಸಾಕಷ್ಟು ಸ್ಥಿರ. ಹೊಣೆಯ ಆಯ್ಕೆಯ ಕೆಳಹಂತದ ಮಾನದಂಡಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾದದ್ದು 3750 ಮತ್ತು 3850ರ ಹೋಲಿಕೆಯಿಂದಲೇ ಗೊತ್ತಾಗುತ್ತದೆ. ಆದ್ದರಿಂದ ಬಳಕೆಯಲ್ಲಿರುವ ತಂತ್ರಾಂಶದ ಆವೃತ್ತಿಯ ಕೈಪಿಡಿಯೊಂದಿಗೆ ತಾಳೆ ನೋಡಿದ ನಂತರವೇ ವಿಭಾಗ 5.2ರ ಪಟ್ಟಿಯನ್ನು ಅನ್ವಯಿಸತಕ್ಕದ್ದು.